ಫಾರ್ಮ್ಯಾಟ್ ಹೊಡೆಸೋದಾ, ಲಾಗ್ ಓದೋದಾ?

ಸಾಫ್ಟ್‌ವೇರ್ ಬರೆಯಲು ಬೇಕಾದ ಸಲಕರಣೆಗಳ ಗಂಟಿಗೆ ಎಸ್‌ಡಿಕೆ ಎನ್ನುತ್ತಾರೆ. ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್, ಮೊದಲೇ ಬರೆದಿಟ್ಟ ಲೈಬ್ರರಿಗಳು, ತಪ್ಪು ಹುಡುಕುವ ಡಿಬಗರ್, ಮೊಬೈಲ್ ಆ್ಯಪ್ ಬರೆಯುವವರಿಗಾದರೆ ಪರದೆಯ ಮೇಲೆ ಓಡುವ ನಕಲಿ ಮೊಬೈಲ್, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಒಂದು ಸಾಲು ಕೋಡ್ ಬರೆಯುವ ಮೊದಲೇ ಈ ಗಂಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅಲ್ಲೇ ಸೋತು ಕೈಬಿಟ್ಟವರು ಪ್ರೋಗ್ರಾಮಿಂಗ್ ಕಷ್ಟವೆಂದು ಬಿಟ್ಟವರಿಗಿಂತ ಕಡಿಮೆಯಿರಲಾರರು ಎಂಬುದು ನನ್ನ ಅನುಮಾನ. ಪಠ್ಯಪುಸ್ತಕಗಳು ಎರಡನೇ ಪುಟದಿಂದ ಶುರುವಾಗುತ್ತವೆ. ಇನ್‌ಸ್ಟಾಲ್ ಆಗಿದೆ ಎಂದೇ ಭಾವಿಸಿಕೊಂಡು ಮಾತು ಆರಂಭಿಸುತ್ತವೆ.

ಈ ಸಂವಾದವನ್ನು ದೆಹಲಿಯ ವಸಂತ್ ಕುಂಜ್‌ನ ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) ಕಟ್ಟಿಸಿದ ಒಂದು ಫ್ಲಾಟಿನಲ್ಲಿ ಇಟ್ಟಿದ್ದೇನೆ. ಪಕ್ಕದಲ್ಲೇ ಜೆಎನ್‌ಯು. ಕಂಪ್ಯೂಟರ್ ಅಂಗಡಿಗಳಿಂದಲೇ ಹೆಸರಾದ ನೆಹರೂ ಪ್ಲೇಸ್ ಕೂಡ ದಕ್ಷಿಣ ದೆಹಲಿಯಲ್ಲೇ ಇದೆ. ಯಾವ ದೂರು ಹೊತ್ತು ಹೋದರೂ ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುವ ಕೈಗಳಿಗೆ ಅಲ್ಲಿ ಬರವಿಲ್ಲ. ಮಾತಾಡುವವರು ಇಬ್ಬರು. ಒಬ್ಬರು ಕೇಂದ್ರ ಸರ್ಕಾರದ ಕಚೇರಿಯೊಂದರ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು. ದೆಹಲಿಯಲ್ಲೇ ಬೆಳೆದವಳು, ಲೋದಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯಲ್ಲಿ ಕನ್ನಡ ಬರೆಯಲು ಕಲಿತವಳು, ಈಗ ಇಂಜಿನಿಯರಿಂಗ್ ಮೂರನೇ ವರ್ಷ. ಹೆಸರು ಕೊಟ್ಟಿಲ್ಲ. ಇಂಥ ಜೋಡಿ ಎಲ್ಲ ಊರಲ್ಲೂ ಸಿಗುತ್ತದೆ.

ಕಿರಿಯಳು: ದೊಡ್ಡಪ್ಪ, ಆಂಡ್ರಾಯ್ಡ್ ಸ್ಟುಡಿಯೋ ಬಂತು, ಅದರ ಎಸ್‌ಡಿಕೆ ಮಾತ್ರ ಕೂರ್ತಿಲ್ಲ. ಕೆಂಪಕ್ಷರದಲ್ಲಿ ಏನೋ ತೋರಿಸಿ ನಿಂತುಬಿಡುತ್ತೆ. ತೆಗೆದು ಮತ್ತೆ ಹಾಕಿದೆ, ಅದೇ ಹಾಡು. ನಾಳೆ ನೆಹರೂ ಪ್ಲೇಸಿಗೆ ಒಯ್ದು ಫಾರ್ಮ್ಯಾಟ್ ಹೊಡೆಸಿಬಿಡ್ತೀನಿ.

ಹಿರಿಯರು: ಹೊಡೆಸು, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಆ ಕೆಂಪಕ್ಷರದಲ್ಲಿ ಏನಿತ್ತು ಹೇಳು.

ಕಿರಿಯಳು: ಓದ್ಲಿಲ್ಲ. ಓದಿದ್ರೂ ಅದು ಮನುಷ್ಯರಿಗೆ ಅಂತ ಬರೆದದ್ದಲ್ಲ ಬಿಡಿ.

ಹಿರಿಯರು: ಅಲ್ಲೇ ನನ್ನ ತಕರಾರು. ಇನ್‌ಸ್ಟಾಲ್ ಕೆಟ್ಟಾಗ ಎಲ್ಲರ ಕಣ್ಣೂ ಹೊಸದಾಗಿ ಬರ್ತಿರೋ ಗಂಟಿನ ಮೇಲೇ ಇರುತ್ತೆ. ತೊಂದರೆ ಬಹಳ ಸಲ ಮೊದಲಿಂದ ಯಂತ್ರದಲ್ಲಿ ಇರೋದ್ರಲ್ಲಿ ಇರುತ್ತೆ. ಈ ಡಿಡಿಎ ಫ್ಲಾಟುಗಳಲ್ಲಿ ನಮ್ಮ ಚಾವಣಿ ಒದ್ದೆಯಾಗಿದೆ ಅಂದ್ರೆ ಒಡೆದಿರೋದು ಮೇಲಿನ ಮನೆಯವರ ಬಚ್ಚಲ ಪೈಪು. ನಾವು ಇಲ್ಲಿ ಎಷ್ಟು ಸಲ ಸುಣ್ಣ ಬಳಿದರೂ ಅಷ್ಟೇ. ಗಟ್ಟಿ ಉದಾಹರಣೆ ಕೊಡ್ತೀನಿ. 2010ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಡೈರೆಕ್ಟ್‌ಎಕ್ಸ್ ಎಸ್‌ಡಿಕೆ ಬಿಡುಗಡೆ ಮಾಡಿತು, ಗೇಮ್ ಬರೆಯೋರಿಗೆ ಬೇಕಾಗಿದ್ದು. ಹಾಕಿಕೊಂಡವರಲ್ಲಿ ಅನೇಕರಿಗೆ ಕೊನೆಯಲ್ಲಿ ಎಸ್1023 ಅಂತ ಒಂದು ಎರರ್ ಬರ್ತಿತ್ತು. ಆ ನಂಬರಿನಿಂದ ಏನು ತಿಳಿಯುತ್ತೆ? ಏನೂ ಇಲ್ಲ. ಆದ ಕಥೆ ಇದು. ಆ ದೊಡ್ಡ ಗಂಟಿನೊಳಗೆ ವಿಷುವಲ್ ಸಿ++ 2010 ರೀಡಿಸ್ಟ್ರಿಬ್ಯೂಟಬಲ್ ಅನ್ನೋ ಸಣ್ಣ ಗಂಟು ಇತ್ತು, ಆವೃತ್ತಿ 10.0.30319. ಆಮೇಲೆ ಬಂದ ಸರ್ವಿಸ್ ಪ್ಯಾಕ್‌ನಿಂದಾಗಿ ಜನರ ಯಂತ್ರಗಳಲ್ಲಿ ಅದರದ್ದೇ ಹೊಸ ಆವೃತ್ತಿ 10.0.40219 ಮೊದಲೇ ಇತ್ತು. ಹಳೆಯದು ಒಳಗೆ ಬರೋಕೆ ನೋಡಿತು, ಹೊಸದನ್ನ ಕಂಡು ‘ನನ್ನ ಕೈಲಿ ಆಗಲ್ಲ’ ಅಂತ ಹಿಂದೆ ಸರಿಯಿತು. ಇಷ್ಟಕ್ಕೇ ಎಸ್‌ಡಿಕೆಯ ಇನ್‌ಸ್ಟಾಲರ್ ಇಡೀ ಕೆಲಸ ಕೆಟ್ಟಿತು ಅಂತ ಬಾಗಿಲು ಹಾಕಿಕೊಂಡಿತು. ಯಂತ್ರದಲ್ಲಿ ಕೊರತೆ ಅನ್ನೋದೇ ಇರಲಿಲ್ಲ, ಬೇಕಾದ್ದಕ್ಕಿಂತ ಹೊಸದು ಇತ್ತು. ಹೊಸದನ್ನ ತೆಗೆದು, ಎಸ್‌ಡಿಕೆ ಹಾಕಿ, ಹೊಸದನ್ನ ಮತ್ತೆ ಹಾಕಿದ್ರೆ ಮುಗೀತು. ಇದು ಮೈಕ್ರೋಸಾಫ್ಟೇ ಬರೆದಿಟ್ಟ ದಾರಿ. ವಿಂಡೋಸ್ ಎಸ್‌ಡಿಕೆ 7.1ಕ್ಕೂ ಇದೇ ಕಾಟ ಇತ್ತು, ಅಲ್ಲಿ ಲಾಗ್‌ನಲ್ಲಿ, ಅಂದ್ರೆ ಇನ್‌ಸ್ಟಾಲರ್ ತಾನು ಮಾಡಿದ್ದನ್ನೆಲ್ಲ ಬರೆದಿಡೋ ಫೈಲಿನಲ್ಲಿ, ಕಾಣ್ತಿದ್ದ ನಂಬರು 5100.

ಈಗ ಫಾರ್ಮ್ಯಾಟ್ ಹೊಡೆಸಿದವನ ಗತಿ ನೋಡು. ಖಾಲಿ ವಿಂಡೋಸ್‌ನಲ್ಲಿ ಎಸ್‌ಡಿಕೆ ಸಲೀಸಾಗಿ ಹೋಗುತ್ತೆ. ಫಾರ್ಮ್ಯಾಟ್‌ನಿಂದ ಸರಿಹೋಯ್ತು ಅಂತ ಅವನು ಊರಿಗೆಲ್ಲ ಹೇಳ್ತಾನೆ. ಅವನ ಮಾತು ನಂಬಿದ ಗೆಳೆಯ ಫಾರ್ಮ್ಯಾಟ್ ಮಾಡಿಸಿ, ಮೊದಲು ಅಪ್‌ಡೇಟ್‌ಗಳನ್ನೆಲ್ಲ ಹಾಕಿಕೊಂಡು, ಆಮೇಲೆ ಎಸ್‌ಡಿಕೆ ಹಾಕಿದ್ರೆ ಮತ್ತೆ ಎಸ್1023. ಇಬ್ಬರೂ ಮಾಡಿದ್ದು ಒಂದೇ ಕೆಲಸ, ಫಲ ಬೇರೆ. ಕಾರಣ ಗೊತ್ತಿಲ್ಲದವನಿಗೆ ಇದು ಗ್ರಹಚಾರ ಅಂತಲೇ ಕಾಣೋದು.

ಕಿರಿಯಳು: ಉದಾಹರಣೆ ಚೆನ್ನಾಗಿದೆ, ಆದ್ರೆ ಅದು ನಿಮ್ಮ ಪರವಾಗಿ ಸಾಕ್ಷಿ ಹೇಳ್ತಿಲ್ಲ, ನನ್ನ ಪರ ಹೇಳ್ತಿದೆ. ಹೊಸ ಆವೃತ್ತಿ ಇದ್ರೆ ‘ಸರಿ, ಇದೆಯಲ್ಲ’ ಅಂತ ಮುಂದೆ ಹೋಗ್ಬೇಕಾದ್ದು ಇನ್‌ಸ್ಟಾಲರ್ ಧರ್ಮ. ಅದನ್ನ ಬರೆದವರು ಯೋಚಿಸ್ಲಿಲ್ಲ. ಅವರು ಯೋಚಿಸದೆ ಬಿಟ್ಟದ್ದನ್ನ ನಾನು ರಾತ್ರಿಯೆಲ್ಲ ಕೂತು ಪತ್ತೆ ಹಚ್ಚಬೇಕು, ಅದಕ್ಕೆ ‘ಕಲಿಕೆ’ ಅಂತ ಹೆಸರು ಬೇರೆ! ನಿಮ್ಮ ಪೈಪಿನ ಮಾತನ್ನೇ ತಗೊಳ್ಳಿ. ಮೇಲಿನ ಮನೇಲಿ ಒಡೆದಿರೋದನ್ನ ಹುಡುಕಿ ಸರಿ ಮಾಡ್ಬೇಕಾದ್ದು ಆ ಮನೆಯವರು, ಇಲ್ಲ ಕಟ್ಟಿಕೊಟ್ಟವರು. ಕೆಳಗೆ ಬಾಡಿಗೆಗಿರೋಳು ಕೊಳಾಯಿ ಕೆಲಸ ಕಲೀಬೇಕು ಅಂತ ಯಾರೂ ಹೇಳಲ್ಲ. ಆಮೇಲೆ ಒಂದು ವಿಷಯ ನೀವು ಮರೆತ್ರಿ. ಫಾರ್ಮ್ಯಾಟ್ ಆದ್ರೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲೇ ಗೊತ್ತಿರುತ್ತೆ. ಕಾರಣ ಹುಡುಕೋಕೆ ಕೂತ್ರೆ ಅರ್ಧ ಗಂಟೆಯೋ ಮೂರು ದಿನವೋ ಯಾರಿಗೆ ಗೊತ್ತು? ಸೋಮವಾರ ಲ್ಯಾಬ್‌ನಲ್ಲಿ ತೋರಿಸಬೇಕಾದವಳಿಗೆ ಗೊತ್ತಿರೋ ನಷ್ಟವೇ ವಾಸಿ.

ಹಿರಿಯರು: ತಪ್ಪು ಮಾಡಿದವರದ್ದು ಅನ್ನೋದಕ್ಕೆ ನನ್ನ ತಕರಾರಿಲ್ಲ. ಆದ್ರೆ ತಪ್ಪು ಯಾರದು ಅನ್ನೋದೂ, ಈಗ ಏನು ಮಾಡ್ಬೇಕು ಅನ್ನೋದೂ ಎರಡು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಬೇಕಾದ್ರೂ ಪುರಾವೆ ಬೇಕು. ಫಾರ್ಮ್ಯಾಟ್ ಮಾಡಿದ ಕ್ಷಣ ಪುರಾವೆ ಅಳಿಸಿಹೋಯ್ತು. ಆಮೇಲೆ ಯಾರನ್ನ ಬೈಯ್ಯೋದು, ಏನಂತ ಬೈಯ್ಯೋದು? ಇನ್ನು ಹೊತ್ತಿನ ಮಾತು. ಲಾಗ್ ಓದೋದು ಅಂದ್ರೆ ಮೊದಲಿಂದ ಕೊನೆವರೆಗೆ ಪಾರಾಯಣ ಅಂದ್ಕೊಂಡಿದೀಯ. ವಿಂಡೋಸ್ ಇನ್‌ಸ್ಟಾಲರ್ 1603 ಅನ್ನೋ ಎರರ್ ಕೊಡುತ್ತಲ್ಲ, ‘ಮಾರಕ ದೋಷ’ ಅನ್ನೋದು ಬಿಟ್ರೆ ಅದರಲ್ಲಿ ಇನ್ನೇನೂ ಇಲ್ಲ. ಆದ್ರೆ ಅದೇ ಇನ್‌ಸ್ಟಾಲರ್‌ಗೆ ಪೂರ್ತಿ ಲಾಗ್ ಬರೆಯೋಕೆ ಹೇಳಬಹುದು. ಆ ಫೈಲಿನಲ್ಲಿ ‘ರಿಟರ್ನ್ ವ್ಯಾಲ್ಯೂ 3’ ಅಂತ ಹುಡುಕು. ಮೊದಲ ಸಲ ಎಲ್ಲಿ ಸಿಗುತ್ತೋ ಅದರ ಮೇಲಿನ ಹತ್ತಿಪ್ಪತ್ತು ಸಾಲು ಓದು. ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತೆ: ಯಾವುದೋ ಫೋಲ್ಡರಿಗೆ ಬರೆಯೋ ಹಕ್ಕಿಲ್ಲ, ಇನ್ಯಾವುದೋ ಫೈಲನ್ನ ಬೇರೆ ಪ್ರೋಗ್ರಾಮ್ ಹಿಡಿದುಕೊಂಡಿದೆ, ಇಂಥದ್ದು. ಅದರ ಕೆಳಗಿರೋದೆಲ್ಲ ಹಾಕಿದ್ದನ್ನ ವಾಪಸ್ ಕೀಳೋ ಗದ್ದಲ. ಜನ ಓದೋದು ಕೊನೇ ಸಾಲು, ಅಂದ್ರೆ ಗದ್ದಲದ ಕೊನೇ ಭಾಗ. ಅದಕ್ಕೇ ಅವರಿಗೆ ಲಾಗ್ ಅಂದ್ರೆ ಅಲರ್ಜಿ.

ಕಿರಿಯಳು: ಈ ‘ರಿಟರ್ನ್ ವ್ಯಾಲ್ಯೂ 3’ ನಿಮಗೆ ಹೇಗೆ ಗೊತ್ತಾಯ್ತು? ಕಚೇರಿಯಲ್ಲಿ ಪಕ್ಕದಲ್ಲಿ ಕೂತವರು ಹೇಳಿರ್ತಾರೆ. ನನಗೆ ಪಕ್ಕದಲ್ಲಿ ಯಾರಿದ್ದಾರೆ? ಕಾಲೇಜಿನಲ್ಲಿ ಡೇಟಾ ಸ್ಟ್ರಕ್ಚರ್ ಹೇಳಿಕೊಡ್ತಾರೆ, ಆಪರೇಟಿಂಗ್ ಸಿಸ್ಟಮ್ ಥಿಯರಿ ಹೇಳಿಕೊಡ್ತಾರೆ, ಪ್ರೋಗ್ರಾಮುಗಳನ್ನ ಯಾವ ಫೋಲ್ಡರುಗಳಲ್ಲಿ ಹುಡುಕಬೇಕು ಅಂತ ಯಂತ್ರಕ್ಕೆ ಹೇಳೋ ಪಾತ್ ವೇರಿಯಬಲ್ ಅಂದ್ರೇನು ಅಂತ ಒಂದು ತರಗತಿಯಲ್ಲೂ ಹೇಳಲ್ಲ. ಇದು ನಮ್ಮಲ್ಲಿ ಮಾತ್ರದ ಕೊರತೆಯೂ ಅಲ್ಲ. ಅಮೆರಿಕದ ಎಂಐಟಿಯಲ್ಲೇ 2020ರ ಜನವರಿಯಲ್ಲಿ ‘ನಿಮ್ಮ ಕಂಪ್ಯೂಟರ್ ಓದಿನಲ್ಲಿ ಕಾಣೆಯಾದ ಸೆಮಿಸ್ಟರ್’ ಅನ್ನೋ ಅರ್ಥದ ಹೆಸರಿಟ್ಟು ಪಾಠ ಮಾಡಬೇಕಾಯ್ತು. ಕಮಾಂಡ್ ಲೈನ್, ಡಿಬಗಿಂಗ್, ಇಂಥವೇ ಅದರ ವಿಷಯ. ಅಂಥ ಜಾಗದಲ್ಲೇ ಸಿಲಬಸ್‌ನ ಹೊರಗೆ ಕಲಿಸಬೇಕಾದ್ದನ್ನ ನನಗೆ ಗೊತ್ತಿರಬೇಕಿತ್ತು ಅಂತ ನೀವು ಕೇಳೋದು ನ್ಯಾಯ ಅಲ್ಲ. ಯಾರ ಮನೆಯಲ್ಲಿ ನಿಮ್ಮಂಥ ದೊಡ್ಡಪ್ಪ ಇದ್ದಾರೋ ಅವರು ದಾಟ್ತಾರೆ, ಇಲ್ಲದವರು ‘ನನಗೆ ಕೋಡಿಂಗ್ ಬರಲ್ಲ’ ಅಂತ ತೀರ್ಮಾನ ಮಾಡಿಕೊಂಡು ಹೋಗ್ತಾರೆ. ಬರೋದು ಬರದೇ ಇರೋದು ಆಮೇಲಿನ ಮಾತು, ಅವರು ಕೋಡಿಂಗ್ ತನಕ ಬಂದೇ ಇಲ್ಲ.

ಈ ಮಾತಿಗೆ ಹಿರಿಯರ ಬಳಿ ನೇರ ಉತ್ತರವಿಲ್ಲ. ನನ್ನ ಬಳಿಯೂ ಇಲ್ಲ. ಲಾಗ್ ಓದುವುದನ್ನು ಸ್ವಭಾವದ ಗುಣವೆಂದೋ ತಾಳ್ಮೆಯೆಂದೋ ಹೊಗಳುವುದು ವಾಡಿಕೆ. ಅದು ಬಳುವಳಿಯಾಗಿ ಬರುವ ತಿಳಿವಳಿಕೆ. ಯಾರಿಂದ ಬರಬೇಕೋ ಅವರು ಹತ್ತಿರವಿಲ್ಲದಿದ್ದರೆ ತಾಳ್ಮೆಯೊಂದರಿಂದ ಏನೂ ಆಗದು. ಆದರೂ ಹಿರಿಯರ ಮೂಲ ವಾದ, ಕಾಣಿಸುವ ಜಾಗ ಬೇರೆ ಕೆಟ್ಟ ಜಾಗ ಬೇರೆ ಎಂಬುದು, ಇದರಿಂದ ಬೀಳುವುದಿಲ್ಲ. ಅವರು ಅದನ್ನೇ ಇನ್ನೊಂದು ಕಡೆಯಿಂದ ಹಿಡಿಯುತ್ತಾರೆ.

ಹಿರಿಯರು: ಪಕ್ಕದಲ್ಲಿ ಯಾರೂ ಇಲ್ಲದವರು ಏನು ಮಾಡ್ತಾರೆ ಅಂತ ನನಗೂ ಗೊತ್ತು. ಎರರನ್ನ ಹುಡುಕಿ, ಯಾರೋ ಕೊಟ್ಟ ಸಾಲನ್ನ ತಂದು ಅಂಟಿಸ್ತಾರೆ. ಅದರ ಆಯುಸ್ಸು ಎಷ್ಟು ಅಂತ ನಿನ್ನ ಆಂಡ್ರಾಯ್ಡ್‌ನಲ್ಲೇ ತೋರಿಸ್ತೀನಿ. ಎಸ್‌ಡಿಕೆಯ ಭಾಗಗಳನ್ನ ಇಳಿಸೋಕೆ ‘ಎಸ್‌ಡಿಕೆ ಮ್ಯಾನೇಜರ್’ ಅನ್ನೋ ಕಮಾಂಡ್ ಇದೆಯಲ್ಲ, ಅದು ಜಾವಾ ಮೇಲೆ ಓಡೋದು. 2017ರ ಸೆಪ್ಟೆಂಬರಿನಲ್ಲಿ ಜಾವಾ 9 ಬಂದಾಗ ಹಳೆಯ ಎಸ್‌ಡಿಕೆ ಮ್ಯಾನೇಜರ್ ಇದ್ದಕ್ಕಿದ್ದ ಹಾಗೆ ಬಿದ್ದುಹೋಯ್ತು. ಎರರ್‌ನಲ್ಲಿ ಆಂಡ್ರಾಯ್ಡ್‌ನ ಸುದ್ದಿಯೇ ಇಲ್ಲ, ಎಕ್ಸ್‌ಎಂಎಲ್‌ಗೆ ಸಂಬಂಧಪಟ್ಟ ಒಂದು ಜಾವಾ ಕ್ಲಾಸ್ ಸಿಗ್ತಿಲ್ಲ ಅನ್ನೋದಷ್ಟೇ. ಯಾಕಂದ್ರೆ ಜಾವಾ ತನ್ನ ಜೊತೆಗೇ ಕೊಡ್ತಿದ್ದ ಜಾಕ್ಸ್‌ಬಿ ಅನ್ನೋ ಭಾಗವನ್ನ 9ರಲ್ಲಿ ಪಕ್ಕಕ್ಕೆ ಸರಿಸಿಟ್ಟಿತ್ತು. ಬೇಕು ಅಂತ ಕೇಳಿದವರಿಗೆ ಮಾತ್ರ ಸಿಗ್ತಿತ್ತು. ಹಾಗಾಗಿ ‘ಆ ಮಾಡ್ಯೂಲ್ ಸೇರಿಸು’ ಅನ್ನೋ ಒಂದು ಸಾಲಿನ ಪರಿಹಾರ ಎಲ್ಲೆಡೆ ಹರಡಿತು, ಕೆಲಸವೂ ಮಾಡಿತು. 2018ರ ಸೆಪ್ಟೆಂಬರಿನಲ್ಲಿ ಜಾವಾ 11 ಬಂತು. ಅದರಲ್ಲಿ ಜಾಕ್ಸ್‌ಬಿಯನ್ನ ಕಿತ್ತೇ ಹಾಕಿದ್ರು. ಒಂದು ವರ್ಷದ ಹಿಂದೆ ಕೈಹಿಡಿದ ಅದೇ ಸಾಲು ಈಗ ‘ಅಂಥ ಮಾಡ್ಯೂಲೇ ಇಲ್ಲ’ ಅನ್ನೋ ಹೊಸ ಎರರ್ ಕೊಡ್ತು. ಕಾರಣ ತಿಳಿದವನು ಹೊಸ ಕಮಾಂಡ್ ಲೈನ್ ಟೂಲ್ಸ್ ಇಳಿಸಿಕೊಂಡ, ಇಲ್ಲ ಅದಕ್ಕಂತ ಜಾವಾ 8 ಇಟ್ಟುಕೊಂಡ. ಸಾಲನ್ನ ಮಾತ್ರ ತಿಳಿದವನು ಒಂದು ಎರರಿನಿಂದ ಇನ್ನೊಂದಕ್ಕೆ ಅಲೆದ. ಮುಂದೆಯೂ ಅಷ್ಟೇ. 2023ರಲ್ಲಿ ಬಂದ ಆ್ಯಪ್ ಕಟ್ಟೋ ಟೂಲ್ ಆದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8ಕ್ಕೆ ಜಾವಾ 17 ಬೇಕು. ಯಂತ್ರದಲ್ಲಿ ಮೂರು ಜಾವಾ ಇದ್ದು, ಪಾತ್‌ನಲ್ಲಿ ಹಳೆಯದು ಮೊದಲು ನಿಂತಿದ್ರೆ, ಹೊಸದನ್ನ ಎಷ್ಟು ಸಲ ಹಾಕಿದ್ರೂ ಓಡೋದು ಹಳೆಯದೇ. ‘ಯಾವ ಜಾವಾ ಓಡ್ತಿದೆ’ ಅಂತ ಕೇಳಿ ನೋಡೋಕೆ ಒಂದು ಕಮಾಂಡ್ ಸಾಕು.

ಕಿರಿಯಳು: ಸರಿ, ಅಂಟಿಸಿದ ಸಾಲಿಗೆ ಆಯುಸ್ಸಿಲ್ಲ. ಆದ್ರೆ ನೀವು ಹೇಳ್ತಿರೋ ತಿಳಿವಳಿಕೆಗೆ ಎಷ್ಟು ಆಯುಸ್ಸು? ಜಾಕ್ಸ್‌ಬಿ ಕಥೆ ಇವತ್ತು ಯಾರಿಗೆ ಬೇಕು? ನಾನು ಇನ್ನೊಂದು ಹೇಳ್ತೀನಿ ಕೇಳಿ. ಹೊಸ ಕಮಾಂಡ್ ಲೈನ್ ಟೂಲ್ಸನ್ನ ಜಿಪ್‌ನಿಂದ ಬಿಚ್ಚಿದ್ರೆ ‘ಸಿಎಂಡಿಲೈನ್-ಟೂಲ್ಸ್’ ಅನ್ನೋ ಫೋಲ್ಡರ್ ಬರುತ್ತೆ. ಹಾಗೇ ಓಡಿಸಿದ್ರೆ ‘ಎಸ್‌ಡಿಕೆಯ ಬೇರು ಎಲ್ಲಿದೆ ತಿಳೀತಿಲ್ಲ’ ಅಂತ ನಿಲ್ಲುತ್ತೆ. ಯಾಕೆ? ಆ ಫೋಲ್ಡರಿನೊಳಗೆ ‘ಲೇಟೆಸ್ಟ್’ ಅಂತ ಇನ್ನೊಂದು ಫೋಲ್ಡರ್ ನಾವೇ ಮಾಡಿ, ಎಲ್ಲವನ್ನೂ ಅದರೊಳಗೆ ಸರಿಸಬೇಕಂತೆ. ಗೂಗಲ್ ತನ್ನ ಕೈಪಿಡಿಯಲ್ಲೇ ಹಾಗೆ ಬರೆದಿದೆ. ಇದರಲ್ಲಿ ಅರ್ಥ ಮಾಡಿಕೊಳ್ಳೋಕೆ ಏನಿದೆ ದೊಡ್ಡಪ್ಪ? ಜಿಪ್ ಮಾಡೋವಾಗ ಅವರೇ ಆ ಫೋಲ್ಡರ್ ಹಾಕಬಹುದಿತ್ತು. ಅಲ್ಗಾರಿದಮ್ ಕಲಿತ್ರೆ ಮೂವತ್ತು ವರ್ಷ ಬರುತ್ತೆ. ಇದು ಮುಂದಿನ ಆವೃತ್ತಿಗೆ ಸತ್ತುಹೋಗುತ್ತೆ. ಇಂಥ ಕಸವನ್ನ ತಲೆಗೆ ತುಂಬಿಕೊಳ್ಳೋದನ್ನ ಜ್ಞಾನ ಅಂತ ಕರೆಯೋಕೆ ನನಗೆ ಮನಸ್ಸಿಲ್ಲ.

ಹಿರಿಯರು: ಫೋಲ್ಡರ್ ಹೆಸರು ಕಸ, ಒಪ್ಪಿದೆ. ‘ಈ ಪ್ರೋಗ್ರಾಮ್ ತನ್ನ ಜಾಗವನ್ನ ತಾನಿರೋ ಫೋಲ್ಡರಿನಿಂದ ಲೆಕ್ಕ ಹಾಕುತ್ತೆ’ ಅನ್ನೋದು ಕಸ ಅಲ್ಲ. ನಾಳೆ ಬೇರೆ ಟೂಲ್ ಬೇರೆ ಫೋಲ್ಡರ್ ಕೇಳಿದಾಗ ನಿನಗೆ ಅನುಮಾನ ಎಲ್ಲಿ ಪಡಬೇಕು ಅಂತ ಗೊತ್ತಿರುತ್ತೆ. ಡಾಟ್‌ನೆಟ್ ಎಸ್‌ಡಿಕೆ ಹಾಕಿದ ಮೇಲೂ ‘ಯಾವ ಎಸ್‌ಡಿಕೆಯೂ ಕಾಣ್ತಿಲ್ಲ’ ಅನ್ನುತ್ತಲ್ಲ, ಅಲ್ಲೂ ಬಹಳ ಸಲ ಇದೇ: 32 ಬಿಟ್‌ನ ಫೋಲ್ಡರ್ ಪಾತ್‌ನಲ್ಲಿ 64 ಬಿಟ್‌ನದಕ್ಕಿಂತ ಮುಂದೆ ನಿಂತಿರುತ್ತೆ. ಮ್ಯಾಕ್‌ನಲ್ಲಿ ಸಿಸ್ಟಮ್ ಅಪ್‌ಡೇಟ್ ಆದ ಮಾರನೇ ದಿನ ಡೆವಲಪರ್ ಪಾತ್ ಸರಿಯಿಲ್ಲ ಅಂತ ಎಕ್ಸ್‌ಕೋಡ್ ಟೂಲ್ಸ್ ಮುನಿಸಿಕೊಳ್ಳೋದೂ ಇದೇ ಜಾತಿ. ಹೆಸರು ಬೇರೆ, ರೋಗ ಒಂದೇ.

ಕಿರಿಯಳು: ಇಳಿಸಿಕೊಳ್ಳೋವಾಗ ನೆಟ್‌ವರ್ಕಿನಿಂದ ಬರೋ ತೊಂದರೆಗಳು?

ಹಿರಿಯರು: ಅದನ್ನ ಹೇಳಲೇಬೇಕು, ಯಾಕಂದ್ರೆ ಅಲ್ಲಿ ಅಂಟಿಸೋ ಚಟ ಅಪಾಯಕ್ಕೆ ತಿರುಗುತ್ತೆ. ಬ್ರೌಸರ್‌ನಲ್ಲಿ ಎಲ್ಲ ಸೈಟೂ ತೆರೀತಿದೆ, ಎಸ್‌ಡಿಕೆ ಮ್ಯಾನೇಜರ್ ಮಾತ್ರ ‘ನಂಬಬಹುದಾದ ಸರ್ಟಿಫಿಕೇಟ್ ದಾರಿ ಸಿಗ್ತಿಲ್ಲ’ ಅನ್ನುತ್ತೆ. ಕಾಲೇಜು, ಕಚೇರಿಗಳ ಪ್ರಾಕ್ಸಿಯೋ ಕೆಲವು ಆಂಟಿವೈರಸ್ಸೋ ಮಧ್ಯೆ ನಿಂತು ಬರೋ ಹೋಗೋದನ್ನೆಲ್ಲ ಬಿಚ್ಚಿ ನೋಡಿ, ತನ್ನದೇ ಸರ್ಟಿಫಿಕೇಟ್ ಅಂಟಿಸಿ ಮುಂದೆ ಕಳಿಸುತ್ತೆ. ಅದನ್ನ ನಂಬು ಅಂತ ವಿಂಡೋಸ್‌ಗೆ ಮೊದಲೇ ಹೇಳಿಟ್ಟಿರ್ತಾರೆ, ಅದಕ್ಕೇ ಬ್ರೌಸರ್ ಸುಮ್ಮನಿರುತ್ತೆ. ಜಾವಾಗೆ ತನ್ನದೇ ನಂಬಿಕಸ್ತರ ಪಟ್ಟಿ ಇದೆ, ಅದಕ್ಕೆ ಯಾರೂ ಹೇಳಿರಲ್ಲ. ಸರಿಯಾದ ದಾರಿ ಅಂದ್ರೆ ಪ್ರಾಕ್ಸಿಯ ಸರ್ಟಿಫಿಕೇಟನ್ನ ಜಾವಾ ಪಟ್ಟಿಗೆ ಸೇರಿಸೋದು. ಜನ ಅಂಟಿಸೋದು ಯಾವುದು? ಆಂಟಿವೈರಸ್ ಆರಿಸು, ತಪಾಸಣೆಯನ್ನೇ ನಿಲ್ಲಿಸು, ಇಲ್ಲ ಬೇರೆ ಎಲ್ಲಿಂದಾದ್ರೂ ಇಳಿಸಿಕೋ. 2015ರಲ್ಲಿ ಚೀನಾದಲ್ಲಿ ಇದೇ ಆಯ್ತು. ಆಪಲ್‌ನ ಎಕ್ಸ್‌ಕೋಡನ್ನ ಬೇರೆ ಕಡೆಯಿಂದ ಇಳಿಸಿಕೊಂಡವರ ಯಂತ್ರದಲ್ಲಿ ಕಂಪೈಲ್ ಆದ ಆ್ಯಪ್‌ಗಳೊಳಗೆ ಅವರಿಗೇ ಗೊತ್ತಿಲ್ಲದ ಹಾಗೆ ದುಷ್ಟ ಕೋಡ್ ಸೇರಿಕೊಳ್ತಿತ್ತು. ಎಕ್ಸ್‌ಕೋಡ್‌ಘೋಸ್ಟ್ ಅಂತ ಹೆಸರಾಯ್ತು. ವೀಚ್ಯಾಟ್‌ನ ಒಂದು ಆವೃತ್ತಿ ಕೂಡ ಅದರಲ್ಲಿ ಸಿಕ್ಕಿಬಿತ್ತು. ಎಸ್‌ಡಿಕೆ ಕೆಟ್ಟದ್ದಾದ್ರೆ ಅದರಿಂದ ಹುಟ್ಟೋದೆಲ್ಲ ಕೆಟ್ಟದ್ದೇ. ಇಳಿಸಿದ ಫೈಲಿನ ಬೆರಳಚ್ಚಿನಂಥ ಶಾ-256 ಸಂಖ್ಯೆಯನ್ನ ಮೂಲದವರು ಕೊಟ್ಟದ್ದರ ಜೊತೆ ಹೊಂದಿಸಿ ನೋಡು ಅನ್ನೋದು ಮುದುಕರ ಮಡಿ ಅಲ್ಲ.

ಕಿರಿಯಳು: ಆ ಚೀನಾದವರು ಬೇರೆ ಕಡೆಯಿಂದ ಯಾಕೆ ಇಳಿಸಿಕೊಂಡ್ರು ಅನ್ನೋದನ್ನ ಬಿಟ್ಟುಬಿಟ್ರಿ. ಆಪಲ್ ಸರ್ವರ್‌ನಿಂದ ಅಲ್ಲಿಗೆ ಇಳಿಸೋಕೆ ಯುಗ ಹಿಡೀತಿತ್ತು. ನೇರ ದಾರಿಯನ್ನ ಅಷ್ಟು ದುರ್ಗಮ ಮಾಡಿಟ್ಟು, ಅಡ್ಡದಾರಿ ಹಿಡಿದವರನ್ನ ಬೈಯ್ಯೋದು ಸುಲಭ. ಆಪಲ್ ಕೂಡ ಆಮೇಲೆ ಚೀನಾದೊಳಗಿಂದಲೇ ಎಕ್ಸ್‌ಕೋಡ್ ಇಳಿಸೋ ವ್ಯವಸ್ಥೆ ಮಾಡ್ತೀವಿ ಅಂತ ಹೇಳ್ತು. ಬೈಗುಳದಿಂದ ಆಗದ್ದು ದಾರಿ ಸರಿ ಮಾಡೋದ್ರಿಂದ ಆಗುತ್ತೆ, ನನ್ನ ವಾದ ಅಷ್ಟೇ. ಇಷ್ಟು ಹೇಳಿ ನಿಮ್ಮ ಸಮಾಧಾನಕ್ಕೆ ಆ ಕೆಂಪಕ್ಷರ ಓದಿಬಿಡ್ತೀನಿ. ತಾಳಿ... ಎಸ್‌ಡಿಕೆ ಹಾಕೋ ಫೋಲ್ಡರಿನ ಹೆಸರಲ್ಲಿ ಆಸ್ಕಿ ಅಲ್ಲದ, ಅಂದ್ರೆ ಇಂಗ್ಲಿಷಿನದಲ್ಲದ ಅಕ್ಷರಗಳಿವೆ ಅಂತಿದೆ.

ಹಿರಿಯರು: ಲ್ಯಾಪ್‌ಟಾಪಿನಲ್ಲಿ ನಿನ್ನ ಅಕೌಂಟಿನ ಹೆಸರು ಕನ್ನಡದಲ್ಲಿಟ್ಟಿದೀಯಾ?

ಕಿರಿಯಳು: ಹೌದು. ಲೋಕಲ್ ಅಕೌಂಟ್ ಮಾಡೋವಾಗ ಕನ್ನಡದಲ್ಲೇ ಟೈಪ್ ಮಾಡಿದೆ. ವಿಂಡೋಸ್ ಏನೂ ತಕರಾರು ಮಾಡ್ಲಿಲ್ಲ.

ಹಿರಿಯರು: ನೋಡು! ಎಸ್‌ಡಿಕೆ ತಾನಾಗಿ ಹೋಗಿ ಕೂರೋದು ನಿನ್ನ ಹೆಸರಿನ ಫೋಲ್ಡರಿನೊಳಗೆ. ಫಾರ್ಮ್ಯಾಟ್ ಹೊಡೆಸಿದ್ದಿದ್ರೆ ಮನೆಗೆ ಬಂದು ಮತ್ತೆ ಕನ್ನಡದಲ್ಲೇ ಅಕೌಂಟ್ ಮಾಡ್ತಿದ್ದೆ, ಮತ್ತೆ ಇದೇ ಕೆಂಪಕ್ಷರ.

ಕಿರಿಯಳು: ಕಾರಣ ಸಿಕ್ಕಿತು, ನಿಮ್ಮ ಲಾಗ್ ಪುರಾಣಕ್ಕೆ ಒಂದು ಅಂಕ. ಆದ್ರೆ ಈಗ ನನ್ನ ಪ್ರಶ್ನೆಗೆ ಉತ್ತರ ಕೊಡಿ. ವಿಂಡೋಸ್ ನನ್ನ ಹೆಸರನ್ನ ಒಪ್ಪಿಕೊಂಡಿದೆ. ಯುನಿಕೋಡ್‌ನ ಮೊದಲ ಆವೃತ್ತಿ ಬಂದ 1991ರಿಂದ ಕನ್ನಡ ಅದರಲ್ಲಿದೆ. ಇಷ್ಟಾದ ಮೇಲೂ ಒಂದು ಟೂಲ್ ‘ನಿನ್ನ ಹೆಸರಿನಿಂದ ನನಗೆ ತೊಂದರೆ’ ಅಂದ್ರೆ, ಕೆಟ್ಟಿರೋದು ನನ್ನ ಯಂತ್ರದ ಸ್ಥಿತಿ ಅಂತೀರಾ? ‘ಮೊದಲಿಂದ ಯಂತ್ರದಲ್ಲಿ ಇರೋದ್ರಲ್ಲಿ ತೊಂದರೆ’ ಅನ್ನೋ ನಿಮ್ಮ ಸೂತ್ರಕ್ಕೆ ಇಲ್ಲಿ ನಾನೇ ತೊಂದರೆ ಆಗಿಬಿಟ್ಟೆ.

ಇಲ್ಲಿ ವಾದ ನಿಜವಾಗಿ ಬಿಗಿಯಾಗುತ್ತದೆ. ಈ ತನಕ ‘ಸ್ಥಿತಿ’ ಎಂದರೆ ಮೊದಲೇ ಕೂತಿದ್ದ ಲೈಬ್ರರಿ, ತಪ್ಪು ಪಾತ್, ಪ್ರಾಕ್ಸಿ. ಅವುಗಳ ಮೇಲೆ ಯಾರಿಗೂ ಮಮತೆಯಿಲ್ಲ. ಹೆಸರು ಹಾಗಲ್ಲ. ಇದಕ್ಕೆ ತಾಂತ್ರಿಕ ಕಾರಣವೂ ಇದೆ. ಹಿರಿಯರು ಅದನ್ನು ಹೇಳಿದಷ್ಟೂ ಅವರ ವಾದಕ್ಕೇ ಪೆಟ್ಟು ಬೀಳುತ್ತದೆ.

ಹಿರಿಯರು: ನಿನ್ನ ಹೆಸರು ತಪ್ಪು ಅಂತ ನಾನು ಯಾವತ್ತೂ ಅನ್ನಲ್ಲ. ಯಾಕೆ ಹೀಗಾಗುತ್ತೆ ಅನ್ನೋದು ಕೇಳು. ವಿಂಡೋಸ್‌ನಲ್ಲಿ ಪ್ರೋಗ್ರಾಮುಗಳು ಫೈಲಿನ ಹೆಸರು ಕೇಳೋಕೆ ಎರಡು ದಾರಿ. ಒಂದು ಯುನಿಕೋಡ್ ದಾರಿ, ಇನ್ನೊಂದು ಅದಕ್ಕೂ ಹಳೆಯದು, ಕೋಡ್ ಪೇಜ್ ಅನ್ನೋ ಅಕ್ಷರ ಕೋಷ್ಟಕದ ದಾರಿ. ರಷ್ಯನ್‌ಗೆ, ಗ್ರೀಕಿಗೆ, ಅರಬ್ಬಿಗೆ ಅಂಥ ಕೋಷ್ಟಕ ಇತ್ತು. ಚೀನಿ, ಜಪಾನಿಗೆ ಇನ್ನೂ ದೊಡ್ಡದು. ಹಾಗಾಗಿ ಮಾಸ್ಕೋದವನು ತನ್ನ ಭಾಷೆಯ ವಿಂಡೋಸ್‌ನಲ್ಲಿ ತನ್ನ ಹೆಸರಿಟ್ಟರೆ ಹಳೆಯ ಟೂಲ್ ಕೂಡ ಕುಂಟುತ್ತಾ ನಡೆದುಬಿಡಬಹುದು. ಕನ್ನಡಕ್ಕೆ ಇಡೀ ಸಿಸ್ಟಮ್ ಬಳಸೋ ಅಂಥ ಕೋಷ್ಟಕ ವಿಂಡೋಸ್‌ನಲ್ಲಿ ಯಾವತ್ತೂ ಇರಲಿಲ್ಲ. ಕನ್ನಡ ಟೈಪ್ ಮಾಡೋ ‘ಬರಹ’, ‘ನುಡಿ’ ತಂತ್ರಾಂಶದವರು ಮೊದಲು ಮಾಡಿದ್ದೂ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನ ಕೂರಿಸಿ ಫಾಂಟ್‌ನಿಂದ ಕನ್ನಡ ತೋರಿಸಿದ್ದು. ವಿಂಡೋಸ್‌ಗೇ ಕನ್ನಡ ಬಂದದ್ದು 2001ರ ಎಕ್ಸ್‌ಪಿ ಕಾಲಕ್ಕೆ, ಅದೂ ಯುನಿಕೋಡ್ ದಾರಿಯಲ್ಲಿ ಮಾತ್ರ. ಈಗಲೂ ಯಾವುದೋ ಒಂದು ಕಂಪೈಲರೋ ಸಣ್ಣ ಸಹಾಯಕ ಪ್ರೋಗ್ರಾಮೋ ಹಳೆಯ ದಾರಿಯಲ್ಲಿ ಕೇಳಿದ್ರೆ, ನಿನ್ನ ಹೆಸರಿನ ಪ್ರತಿ ಅಕ್ಷರವೂ ಅದಕ್ಕೆ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತೆ. ವಿಂಡೋಸ್‌ನಲ್ಲಿ ಆ ಚಿಹ್ನೆ ಫೈಲಿನ ಹೆಸರಲ್ಲಿ ಇರೋ ಹಾಗೇ ಇಲ್ಲ. ಫೋಲ್ಡರ್ ಸಿಗಲ್ಲ, ಕೆಲಸ ನಿಲ್ಲುತ್ತೆ. ಇದೆಲ್ಲ ಗೊತ್ತಿರೋದ್ರಿಂದಲೇ ಆಂಡ್ರಾಯ್ಡ್‌ನವರು ಮೊದಲೇ ತಡೆಯೊಡ್ಡಿರೋದು. ಪ್ರಾಜೆಕ್ಟಿನ ಫೋಲ್ಡರಿಗೂ ಇದೇ ತಪಾಸಣೆ ಇದೆ. ಬೇಡ ಅಂದ್ರೆ ‘ಓವರ್‌ರೈಡ್ ಪಾತ್ ಚೆಕ್’ ಅನ್ನೋ ಸೆಟ್ಟಿಂಗ್ ಹಾಕಿ ಅದನ್ನ ಆರಿಸಬಹುದು, ಮುಂದಿನದು ನಿನ್ನ ಅದೃಷ್ಟ.

ಕಿರಿಯಳು: ಅಂದ್ರೆ ಅವರಿಗೆ ತೊಂದರೆ ಗೊತ್ತು, ಅದಕ್ಕೆ ತಪಾಸಣೆ ಬರೆಯೋಕೂ ಪುರುಸೊತ್ತಿತ್ತು, ಸರಿ ಮಾಡೋಕೆ ಮಾತ್ರ ಇಲ್ಲ. 2019ರ ಮೇ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲಿ ಯಾವ ಪ್ರೋಗ್ರಾಮ್ ಬೇಕಾದ್ರೂ ‘ನನ್ನ ಕೋಡ್ ಪೇಜ್ ಯುಟಿಎಫ್-8’ ಅಂತ ಘೋಷಿಸಿಕೊಳ್ಳಬಹುದು ಅಂತ ಓದಿದೀನಿ. ದಾರಿ ತೆರೆದಿದೆ, ನಡೆಯೋರಿಲ್ಲ. ಯಾಕಿಲ್ಲ? ಕನ್ನಡದಲ್ಲಿ ಹೆಸರಿಟ್ಟುಕೊಂಡ ಪ್ರತಿಯೊಬ್ಬರೂ ನಿಮ್ಮ ಮಾತು ಕೇಳಿ ಸದ್ದಿಲ್ಲದೆ ಬೇರೆ ಫೋಲ್ಡರ್ ಮಾಡಿಕೊಂಡು ಮುಂದೆ ಹೋದದ್ದರಿಂದ. ಎರರನ್ನ ಅರ್ಥ ಮಾಡಿಕೊಂಡು ಬಳಸಿಕೊಂಡು ಹೋಗೋ ಜಾಣರು ಜಾಸ್ತಿ ಆದಷ್ಟೂ ಎರರಿಗೆ ಆಯುಸ್ಸು ಜಾಸ್ತಿ.

ಹಿರಿಯರು: ಆ ಏಟು ತಾಕಿತು. ಆದ್ರೆ ಅರ್ಥ ಮಾಡಿಕೊಳ್ಳದವರಿಂದ ದೂರು ಹೋಗುತ್ತಾ? ‘ಇನ್‌ಸ್ಟಾಲ್ ಆಗ್ತಿಲ್ಲ, ಸಹಾಯ ಮಾಡಿ’ ಅನ್ನೋ ದೂರಿಗೆ ಯಾವ ಇಂಜಿನಿಯರೂ ಏನೂ ಮಾಡೋಕಾಗಲ್ಲ. ವಿಂಡೋಸ್ ಆವೃತ್ತಿ ಇದು, ಹೆಸರು ಈ ಲಿಪಿಯಲ್ಲಿ, ಲಾಗ್‌ನ ಈ ಸಾಲಿನಲ್ಲಿ ಈ ಪ್ರೋಗ್ರಾಮ್ ಬಿತ್ತು, ಇಂಗ್ಲಿಷ್ ಹೆಸರಿನ ಫೋಲ್ಡರಿನಲ್ಲಿ ಬೀಳಲ್ಲ ಅಂತ ಬರೆದವಳ ದೂರಿಗೆ ಬೆಲೆ. ಅದನ್ನ ಬರೆಯೋಕೆ ಓದಲೇಬೇಕು.

ಕಿರಿಯಳು: ಒಬ್ಬರು ಓದಿದ್ರೆ ಸಾಕಲ್ಲ? ಎಲ್ಲರೂ ಯಾಕೆ ಓದ್ಬೇಕು? ಅದಕ್ಕೇ ಡಾಕರ್ ಥರದ್ದು ಬಂದಿರೋದು, 2013ರಿಂದಲೇ ಇದೆ. ಬಲ್ಲವರೊಬ್ಬರು ಸರಿಯಾದ ಜಾವಾ, ಸರಿಯಾದ ಎಸ್‌ಡಿಕೆ, ಸರಿಯಾದ ಪಾತ್ ಎಲ್ಲ ಜೋಡಿಸಿ ಒಂದು ಇಮೇಜ್ ಮಾಡಿಟ್ರೆ ಇಡೀ ಕ್ಲಾಸು ಅದನ್ನೇ ಎಳೆದುಕೊಳ್ಳಬಹುದು. ನಿಮ್ಮ ಮಾತಿನ ಪ್ರಕಾರ ತೊಂದರೆ ಇರೋದು ಯಂತ್ರದ ಹಳೇ ಸ್ಥಿತಿಯಲ್ಲಿ ಅಲ್ವಾ? ಇಮೇಜಿಗೆ ಹಳೇ ಸ್ಥಿತಿ ಅನ್ನೋದೇ ಇಲ್ಲ. ಫಾರ್ಮ್ಯಾಟಿನ ಲಾಭವೆಲ್ಲ ಇದೆ, ನಷ್ಟ ಇಲ್ಲ, ಮೇಲಾಗಿ ಹಾಕಿದ್ದು ಏನು ಅನ್ನೋದು ಒಂದು ಫೈಲಿನಲ್ಲಿ ಬರೆದಿರುತ್ತೆ. ನೀವು ಕೇಳೋ ಪುರಾವೆ ಅದು.

ಹಿರಿಯರು: ಅದು ನಿಜವಾಗಿಯೂ ಒಳ್ಳೆ ಏರ್ಪಾಡು, ನಮ್ಮ ಕಾಲಕ್ಕೆ ಇದ್ದಿದ್ರೆ ಎಷ್ಟೋ ರಾತ್ರಿ ಉಳೀತಿತ್ತು. ಆದ್ರೆ ಡಾಕರನ್ನೂ ಇನ್‌ಸ್ಟಾಲ್ ಮಾಡ್ಬೇಕಲ್ಲ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಇರಬೇಕು, ವಿಂಡೋಸ್‌ನ ಲಿನಕ್ಸ್ ಭಾಗ ಸರಿಯಿರಬೇಕು, ಗಿಗಾಬೈಟ್‌ಗಟ್ಟಲೆ ಇಳಿಸೋಕೆ ನೆಟ್ ಬೇಕು, ಅಲ್ಲೂ ಅದೇ ಪ್ರಾಕ್ಸಿ ಮಧ್ಯೆ ನಿಂತಿರುತ್ತೆ. ಯುಎಸ್‌ಬಿಯಲ್ಲಿ ಫೋನ್ ಸಿಕ್ಕಿಸಿ ಆ್ಯಪ್ ಓಡಿಸೋಕೆ ಹೋದ್ರೆ ಆ ಫೋನು ಕಂಟೇನರ್ ಒಳಗೆ ಸುಲಭವಾಗಿ ಕಾಣಲ್ಲ. ತೊಂದರೆ ಒಂದು ಅಂತಸ್ತು ಕೆಳಗೆ ಇಳೀತು ಅಷ್ಟೇ.

ಕಿರಿಯಳು: ಒಂದೇ ಅಂತಸ್ತಿಗೆ ಇಳಿದ್ರೆ ಅದೇ ದೊಡ್ಡ ಲಾಭ. ಹತ್ತು ಎಸ್‌ಡಿಕೆಗೆ ಹತ್ತು ಥರ ಒದ್ದಾಡೋ ಬದಲು ಒಂದನ್ನ ಒಂದು ಸಲ ಸರಿ ಮಾಡಿಕೊಳ್ತೀನಿ.

ಹಿರಿಯರು: ಅದಕ್ಕೆ ಇಲ್ಲ ಅನ್ನಲಾರೆ. ಈಗ ಇವತ್ತಿನದು ಹೇಳು, ಏನು ಮಾಡ್ತೀಯ? ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟಿನ ಹೆಸರು ಬದಲಾಯಿಸಿದ್ರೆ ಏನೂ ಆಗಲ್ಲ. ಕಾಣೋ ಹೆಸರು ಬದಲಾಗುತ್ತೆ, ಫೋಲ್ಡರ್ ಕನ್ನಡದಲ್ಲೇ ಉಳಿಯುತ್ತೆ. ಸಿ ಡ್ರೈವ್‌ನಲ್ಲಿ ಒಂದು ಇಂಗ್ಲಿಷ್ ಹೆಸರಿನ ಫೋಲ್ಡರ್ ಮಾಡಿ ಎಸ್‌ಡಿಕೆ ಅಲ್ಲಿ ಹಾಕು. ಹೆಸರಿನ ಮಧ್ಯೆ ಜಾಗ ಬಿಡಬೇಡ. ಅಷ್ಟಕ್ಕೇ ಮುಗಿಯಲ್ಲ. ಗ್ರೇಡಲ್ ಇಳಿಸಿಕೊಳ್ಳೋದೆಲ್ಲ ನಿನ್ನ ಹೆಸರಿನ ಫೋಲ್ಡರಿನಲ್ಲೇ ಕೂರುತ್ತೆ, ನಕಲಿ ಮೊಬೈಲಿನ ಫೈಲುಗಳೂ ಅಲ್ಲೇ. ಎರಡಕ್ಕೂ ಬೇರೆ ಜಾಗ ತೋರಿಸೋ ಎನ್ವಿರಾನ್‌ಮೆಂಟ್ ವೇರಿಯಬಲ್ ಇವೆ, ಹಾಕಿಕೋ. ಅದಕ್ಕಿಂತ ಸುಲಭ ಅಂದ್ರೆ ಕೆಲಸಕ್ಕೆ ಅಂತ ಇಂಗ್ಲಿಷಿನಲ್ಲಿ ಇನ್ನೊಂದು ಅಕೌಂಟ್ ಮಾಡೋದು. ಹತ್ತು ನಿಮಿಷದ ಕೆಲಸ.

ಕಿರಿಯಳು: ಇನ್ನೊಂದು ಅಕೌಂಟ್ ಮಾಡಲ್ಲ. ಮೂರು ಕಡೆ ಬೇರೆ ಜಾಗ ತೋರಿಸೋದಾದ್ರೆ ತೋರಿಸ್ತೀನಿ. ಪ್ರತಿಯೊಂದನ್ನೂ ಬದಲಿಸೋ ಮುಂಚೆ ಹಳೇ ಜಾಗದಲ್ಲಿ ಒಂದು ಸಲ ಓಡಿಸಿ, ಎಲ್ಲಿ ಬೀಳುತ್ತೆ ಅಂತ ಲಾಗ್ ಎತ್ತಿಟ್ಟುಕೊಳ್ತೀನಿ. ಅದನ್ನ ದೂರಿನ ಜೊತೆ ಕಳಿಸ್ತೀನಿ.

ಹಿರಿಯರು: ಸೋಮವಾರದ ಲ್ಯಾಬ್?

ಕಿರಿಯಳು: ಅದಕ್ಕೆ ಡಾಕರ್. ಬಿಲ್ಡ್ ಅದರಲ್ಲಿ ಆಗುತ್ತೆ, ಫೋನಿಗೆ ಆ್ಯಪನ್ನ ಕೈಯಾರೆ ದಾಟಿಸ್ತೀನಿ. ಲಾಗ್ ಓದೋದು ಮಂಗಳವಾರದಿಂದ.

ಹಿರಿಯರು: ಮಂಗಳವಾರಕ್ಕೆ ಅದನ್ನ ಓದೋ ತುರ್ತು ನಿನಗೆ ಉಳಿದಿರಲ್ಲ.

ಕಿರಿಯಳು: ಉಳಿದಿರುತ್ತೆ. ಹೆಸರು ನನ್ನದಲ್ವಾ?